ಅತ್ತೆಯ ಮೂಗು

ಮೊನ್ನೆ ಮಧ್ಯಾಹ್ನ, ಮೇ ತಿಂಗಳ ಬಿಸಿಲು ಗ್ಯಾಲರಿಯನ್ನು ಕಾವಲಿಯಂತೆ ಕಾಯಿಸಿದ್ದ ಹೊತ್ತಿಗೆ, ನಮ್ಮವರು ಒಂದು ಬಕೆಟ್ ನೀರು ತಂದು ಅಲ್ಲಿಯ ಕಲ್ಲುಹಾಸಿಗೆ ಎರಚಿದರು. ಕಾದ ಕಲ್ಲಿಗೆ ಮೊದಲ ಚೊಂಬು ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ, ನೀವು ಗಮನಿಸಿರಬಹುದು. ಅದು ಮಳೆಯ ವಾಸನೆಯಲ್ಲ, ಮಣ್ಣಿನದೂ ಅಲ್ಲ. ಸ್ವಲ್ಪ ಸುಣ್ಣ, ಸ್ವಲ್ಪ ಹೊಗೆ, ಸ್ವಲ್ಪ ಏನೋ. ಒಳಗೆ ಹೆಸರುಬೇಳೆ ಹುರಿಯುತ್ತಿದ್ದ ನಾನು ಹಿಂದುಮುಂದು ನೋಡದೆ, "ಆಹಾ, ಕಣಿವೆ ವಾಸನೆ" ಎಂದುಬಿಟ್ಟೆ.

"ಯಾವ ಕಣಿವೆ?" ಎಂದರು ಇವರು.

ನಲವತ್ತು ವರ್ಷ ಜೋಪಾನ ಮಾಡಿದ ಗುಟ್ಟು ಒಂದು ಬಾಣಲೆಯ ಮುಂದೆ ಹೀಗೆ ಬಾಯಿಂದ ಜಾರಿತು. ಸುಳ್ಳು ಹೇಳುವುದರಲ್ಲಿ ನಾನು ಒಂದು ಕಾಲಕ್ಕೆ ಚೆನ್ನಾಗಿ ಪಳಗಿದ್ದೆ. ಕಲಿಸಿದವರು ಇವರ ತಂದೆಯೇ. ಆದರೆ ಯಾವ ವಿದ್ಯೆಯೂ ಬಳಸದಿದ್ದರೆ ಕೈಬಿಟ್ಟು ಹೋಗುತ್ತದಲ್ಲ. ಬೇಳೆ ಸೀಯುವ ಮೊದಲು ಇಳಿಸಿ, ಇವರನ್ನು ಕುರ್ಚಿಯಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದೆ. ನಿಮಗೂ ಹೇಳುತ್ತೇನೆ. ನಿಮಗೆ ಸ್ವಲ್ಪ ಹೆಚ್ಚಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ನಡುವೆ ಬಾಯಿ ಹಾಕುವುದಿಲ್ಲ.

ಎಂಬತ್ತರ ದಶಕದ ನಡುಭಾಗದ ಮಾತು. ಮದುವೆಯಾಗಿ ಮೈಸೂರಿನಿಂದ ಬೊರಿವಲಿಗೆ ಬಂದು ನನಗೆ ಮೂರು ವರ್ಷವಾಗಿತ್ತು. ಸ್ಟೇಷನ್ನಿನ ಪೂರ್ವಕ್ಕೆ, ಹೈವೇಗೆ ಹತ್ತಿರ, ನಾಲ್ಕು ಮಾಳಿಗೆಯ ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ ನಮ್ಮ ಮನೆ. ಒಂದು ರೂಮು, ಒಂದು ಹಾಲು, ಒಂದು ಅಡುಗೆಮನೆ. ಅದರಲ್ಲಿ ಅತ್ತೆ, ಮಾವ, ಇವರು, ನಾನು. ಇವರು ಬೆಳಗ್ಗೆ ಏಳೂಕಾಲಿಗೆ ಡಬ್ಬ ಹಿಡಿದು ಚರ್ಚ್‌ಗೇಟಿನ ಲೋಕಲ್ ರೈಲು ಹತ್ತಿದರೆ ಮತ್ತೆ ಮುಖ ಕಾಣುತ್ತಿದ್ದದ್ದು ದೀಪ ಹಚ್ಚಿದ ಮೇಲೆಯೇ. ಶನಿವಾರವೂ ಕೆಲಸವಿತ್ತು. ಸ್ವಭಾವತಃ ಬಹಳ ಜಾಗರೂಕರು. ಹೈವೇ ಆಚೆಯ ನ್ಯಾಷನಲ್ ಪಾರ್ಕಿನಲ್ಲಿ ಚಿರತೆಗಳಿವೆ ಎಂದು ಕೇಳಿದ ದಿನದಿಂದ ಗ್ಯಾಲರಿಯ ಬಾಗಿಲಿಗೆ ಎರಡನೆಯ ಚಿಲಕ ಹಾಕಿಸಿದ್ದರು. ಚಿರತೆ ಮೂರು ಮಾಳಿಗೆ ಹತ್ತಿ ಬಂದು ಚಿಲಕ ನೋಡಿ ಬೇಸರದಿಂದ ಹಿಂತಿರುಗುತ್ತದೆ ಎಂಬ ನಂಬಿಕೆಯೋ ಏನೋ.

ಅತ್ತೆಗೆ ಮುಂಬಯಿ ಬಂದ ವಾರದಲ್ಲೇ ಒಗ್ಗಿಬಿಟ್ಟಿತ್ತು. ತರಕಾರಿ ಗಾಡಿಯವನನ್ನು ನಿಲ್ಲಿಸಿ, "ಕಾಯ್ ರೇ, ಕಾಲ್‌ಚೀ ಭೇಂಡಿ ಪೂರಾ ಬಲಿತುಹೋಗಿತ್ತು" ಎಂದು ನಿನ್ನೆಯ ಬೆಂಡೆಕಾಯಿಗಾಗಿ ಅವರು ದಬಾಯಿಸಿದರೆ ಆ ಮರಾಠಿ ಮನುಷ್ಯನಿಗೆ ಪೂರ್ತಿ ಅರ್ಥವಾಗಿ ತಲೆ ತಗ್ಗಿಸುತ್ತಿದ್ದ. ಒಗ್ಗದೇ ಹೋದದ್ದು ಮಾವನಿಗೆ. ನೀರಾವರಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿ ಮೂವತ್ತು ವರ್ಷ ನಾಲೆಗಳ ದಂಡೆಯ ಮೇಲೆ, ಟೆಂಟುಗಳಲ್ಲಿ ಬದುಕಿದ ಮನುಷ್ಯ. ನಿವೃತ್ತಿಯಾದ ಮೇಲೆ ಒಬ್ಬನೇ ಮಗನ ಹತ್ತಿರ ಬಂದು, ಹಾಲಿನಿಂದ ಗ್ಯಾಲರಿಗೆ, ಗ್ಯಾಲರಿಯಿಂದ ಹಾಲಿಗೆ ಓಡಾಡಿಕೊಂಡಿದ್ದರು. ಗ್ಯಾಲರಿಯಿಂದ ಪಾರ್ಕಿನ ಗುಡ್ಡಗಳು ಕಾಣುತ್ತಿದ್ದವು. ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಅವುಗಳನ್ನೇ ನೋಡುತ್ತಾ, "ಈ ಗುಡ್ಡದ ನೀರು ಯಾವ ಕಡೆಯಿಂದ ಇಳಿಯುತ್ತೋ" ಎನ್ನುತ್ತಿದ್ದರು. ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಹೇಳುವವರು ಇರಲಿಲ್ಲ. ಇದ್ದ ಪ್ರಶ್ನೆ ಬೇರೆಯೇ. ಅದು ನನಗೆ ಸಂಬಂಧಿಸಿದ್ದು.

ಮೂರು ವರ್ಷವಾದರೂ ನನಗೆ ಮಗುವಾಗಿರಲಿಲ್ಲ. ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿ ಏನೂ ತೊಂದರೆ ಇಲ್ಲ ಎಂದಿದ್ದರು. ಏನೂ ತೊಂದರೆ ಇಲ್ಲ ಎನ್ನುವುದರಷ್ಟು ದೊಡ್ಡ ತೊಂದರೆ ಇನ್ನೊಂದಿಲ್ಲ. ಇದ್ದಿದ್ದರೆ ಔಷಧಿಯಾದರೂ ಇರುತ್ತಿತ್ತು. ಔಷಧಿ ಕೊನೆಗೆ ನಂಜನಗೂಡಿನಿಂದ, ಅತ್ತೆಯ ಅಕ್ಕನ ಇನ್‌ಲ್ಯಾಂಡ್ ಲೆಟರಿನಲ್ಲಿ ಬಂತು. ಹನ್ನೊಂದು ಶನಿವಾರ, ಖಾಲಿ ಹೊಟ್ಟೆಯಲ್ಲಿ, ಬರಿಗಾಲಲ್ಲಿ ಅಶ್ವತ್ಥ ಮರಕ್ಕೆ ನೂರೆಂಟು ಪ್ರದಕ್ಷಿಣೆ. ಪಾರ್ಕಿನ ಗೇಟಿಗೆ ಸ್ವಲ್ಪ ಈಚೆ ಒಂದು ಮಾರುತಿ ಮಂದಿರವಿತ್ತು, ಅದರ ಅಂಗಳದಲ್ಲಿ ಅಶ್ವತ್ಥಕಟ್ಟೆಯೂ ಇತ್ತು. ಮಂಡಿನೋವಿನ ಅತ್ತೆಗೆ ಅಷ್ಟು ಹೊತ್ತು ನಿಲ್ಲಲಾಗದು. ಸೊಸೆಯಾದ ನನ್ನನ್ನು ಒಬ್ಬಳನ್ನೇ ಹೈವೇ ದಾಟಿಸಿ ಕಳಿಸಲಾಗದು. ಹಾಗಾಗಿ ಮಾವ ನನ್ನ ಕಾವಲಿಗೆ ನೇಮಕವಾದರು. ಎಣಿಕೆ ತಪ್ಪಬಾರದೆಂದು ಅತ್ತೆ ನೂರೆಂಟು ಹುಣಸೆಬೀಜ ಎಣಿಸಿ ಒಂದು ಬಟ್ಟೆಯ ಚೀಲದಲ್ಲಿ ಹಾಕಿಕೊಟ್ಟರು.

ಮೊದಲ ಶನಿವಾರ ನಾನು ನಿಜವಾಗಿಯೂ ಸುತ್ತಿದೆ. ನಲವತ್ತರವರೆಗೆ ಭಕ್ತಿ ಇತ್ತು. ಅರವತ್ತರಲ್ಲಿ ಹಸಿವು ಮಾತ್ರ ಉಳಿಯಿತು. ಎಂಬತ್ತರ ಹೊತ್ತಿಗೆ ಬಿಸಿಲು ಕಟ್ಟೆಯ ಮೇಲೆ ಬಂದು ಅಂಗಾಲು ಚುರುಗುಟ್ಟತೊಡಗಿತು. ಆಗ ಹೂಬತ್ತಿ ಹೊಸೆಯುತ್ತಾ ಕೂತಿದ್ದ ಒಬ್ಬ ಹೆಂಗಸು, ನಾನು ಪ್ರತಿ ಸಲ ಅವಳ ಮುಂದೆ ಬಂದಾಗ ಒಂದೊಂದು ಪ್ರಶ್ನೆ ಕೇಳಲು ಶುರು ಮಾಡಿದಳು. ಒಂದು ಸುತ್ತಿಗೆ, "ಶಾದಿ ಕೋ ಕಿತನೇ ಸಾಲ್ ಹುಏ?" ಮದುವೆಯಾಗಿ ಎಷ್ಟು ವರ್ಷ ಎಂದು. ನಾನು ಮುಂದಿನ ಸುತ್ತಿನಲ್ಲಿ "ತೀನ್", ಮೂರು, ಎಂದೆ. ಅದರ ಮುಂದಿನ ಸುತ್ತಿಗೆ ಅವಳು ಲೊಚಗುಟ್ಟಿದಳು, ಅಷ್ಟೇ. ಆ ಲೊಚಗುಟ್ಟುವಿಕೆಗೆ ನನಗೆ ಅಳು ಬಂತು. ನಿಂತರೆ ಎಣಿಕೆ ಕೆಡುತ್ತದೆ ಎಂದು ನಡೆಯುತ್ತಲೇ ಕಣ್ಣು ಒರೆಸಿಕೊಂಡೆ.

ಮಾವ ಮರದ ಎದುರು ಕೂತು, ಒಂದು ಸುತ್ತಿಗೆ ಒಂದರಂತೆ ಹುಣಸೆಬೀಜವನ್ನು ಬಲಗಡೆಯಿಂದ ಎಡಗಡೆಗೆ ಸರಿಸುತ್ತಿದ್ದರು. ನನ್ನ ಮುಖ ನೋಡಿದರು. ಮುಂದಿನ ಸುತ್ತಿನಲ್ಲಿ ನಾನು ಗಮನಿಸಿದೆ, ಅವರ ಬೆರಳು ನಾಲ್ಕು ಬೀಜ ಒಟ್ಟಿಗೆ ಸರಿಸುತ್ತಿತ್ತು. ತೊಂಬತ್ತೆರಡೋ ತೊಂಬತ್ತಮೂರೋ ಇರಬೇಕು ಎಂದುಕೊಂಡು ನಾನು ಅವರ ಮುಂದೆ ಬಂದಾಗ, "ನೂರಾ ಎಂಟು. ಆಯ್ತು, ಬಾಮ್ಮ" ಎಂದು ಚೀಲ ಕಟ್ಟಿದರು.

"ಇನ್ನೂ ಹದಿನೈದು ಉಳಿದಿದೆ ಮಾವ."

"ಮೂವತ್ತು ವರ್ಷ ಸರ್ಕಾರಕ್ಕೆ ಅಳತೆ ಕೊಟ್ಟೋನು ನಾನು. ಚೀಫ್ ಇಂಜಿನಿಯರೇ ನನ್ನ ಎಣಿಕೆ ಪ್ರಶ್ನೆ ಮಾಡಿಲ್ಲ. ನೀನು ಮಾಡ್ತೀಯಾ?"

ಎರಡನೆಯ ಶನಿವಾರ ಮಂದಿರದ ಹತ್ತಿರ ಬಂದರೂ ಅವರು ನಿಲ್ಲಲಿಲ್ಲ. ಪಾರ್ಕಿನ ಗೇಟಿನ ತನಕ ನಡೆದು, ಅಲ್ಲಿ ಹೂವು ಮಾರುತ್ತಿದ್ದ ಮುದುಕಿಯ ಪಕ್ಕದ ಕಲ್ಲಿನ ಮೇಲೆ ನನ್ನನ್ನು ಕೂರಿಸಿ, ಪೂಜೆಯ ಚೀಲದೊಳಗೆ ಕೈ ಹಾಕಿದರು. ತೆಂಗಿನಕಾಯಿ ಬಂತು, ಊದುಬತ್ತಿ ಬಂತು, ಕೊನೆಗೆ ಅಡಿಯಿಂದ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂಸು ಬಂತು.

"ಹಾಕ್ಕೋ. ಸರಿಯಾಗುತ್ತೆ. ಮೊನ್ನೆ ನೀನು ಬಚ್ಚಲಿಂದ ಬಂದಾಗ ನೆಲದ ಮೇಲೆ ನಿನ್ನ ಒದ್ದೆ ಕಾಲಿನ ಗುರುತು ಬಿದ್ದಿತ್ತು, ಒಣಗೋದರೊಳಗೆ ಟೇಪು ಹಿಡಿದು ಅಳೆದೆ."

ಸರಿಯಾಗಿಯೇ ಆಯಿತು. ಆದರೆ ನಾನು ಲೇಸು ಕಟ್ಟಲಿಲ್ಲ. "ಮಾವ, ವ್ರತ ಅರ್ಧಕ್ಕೆ ಬಿಟ್ಟರೆ ದೋಷ ಅಲ್ವಾ? ಆಮೇಲೆ ಏನೂ ಆಗದೇ ಹೋದರೆ ಎಲ್ಲಾ ನನ್ನ ತಲೆ ಮೇಲೇ ಬರುತ್ತೆ" ಎಂದೆ.

ಅವರು ತೆಂಗಿನಕಾಯಿಯನ್ನು ಮತ್ತೆ ಚೀಲಕ್ಕೆ ಹಾಕಿದರು. "ಆಗದೇ ಹೋದರೆ ನನ್ನ ತಲೆ ಮೇಲೆ ಬರಲಿ. ನನ್ನ ತಲೆ ಹೇಗೂ ಖಾಲಿ ಕೂತಿದೆ" ಎಂದರು. ಆಮೇಲೆ, "ದೇವರು ಎಲ್ಲಾ ಕಡೆ ಇದಾನೆ ಅಂತ ನಿಮ್ಮತ್ತೇನೇ ಹೇಳೋದು. ಅವಳ ಮಾತಿನ ಮೇಲೆ ನಿನಗೆ ನಂಬಿಕೆ ಇಲ್ವಾ?"

ಅತ್ತೆಯ ಮಾತಿನ ಮೇಲೆ ನಂಬಿಕೆ ಇಲ್ಲ ಎಂದು ಯಾವ ಸೊಸೆ ಹೇಳಲಾದೀತು? ನಾನು ಲೇಸು ಕಟ್ಟಿದೆ.

ಬೊರಿವಲಿಯ ಪಾರ್ಕು ಎಂದರೆ ನಿಮ್ಮ ಕಣ್ಣಿಗೆ ಬರುವುದು ಮಳೆಗಾಲದ ಹಸಿರು, ದೋಣಿ, ಪುಟ್ಟ ರೈಲು, ಕಡಲೆಕಾಯಿ. ಬೇಸಿಗೆಯಲ್ಲಿ ಅದರ ಒಳಹೊಕ್ಕವರು ಕಡಿಮೆ. ದಾರಿ ಬಿಟ್ಟು ಒಣಗಿದ ಹೊಳೆಯ ಪಾತ್ರದಲ್ಲಿ ಅರ್ಧ ಗಂಟೆ ಮೇಲಕ್ಕೆ ನಡೆದರೆ ಅದು ಬೇರೆಯೇ ಊರು. ಎರಡೂ ಕಡೆ ಕರಿಕಲ್ಲಿನ ಗೋಡೆಗಳು ಎರಡಾಳೆತ್ತರ ಎದ್ದು, ಬರಬರುತ್ತಾ ಹತ್ತಿರ ಸರಿದು, ಒಂದು ಕಡೆ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಕಿರಿದಾಗುತ್ತಿದ್ದವು. ಒಂದು ತೊಟ್ಟು ನೀರಿಲ್ಲ. ಮೇಲೆ ಎಲೆಯಿಲ್ಲದ ಬಿಳಿ ತೊಗಟೆಯ ಮರಗಳು. ಅಲ್ಲಲ್ಲಿ ಮುತ್ತುಗದ ಕೆಂಪು. ಲೋಕಲ್ಲಿನ ಸದ್ದಿಲ್ಲ, ಹೈವೇಯ ಸದ್ದಿಲ್ಲ. ಆ ಗೋಡೆಗಳ ನಡುವೆ ನಿಂತಾಗ, ಇಲ್ಲಿಂದ ಒಂದು ಗಂಟೆ ನಡೆದರೆ ಜನ ಲೋಕಲ್ಲಿನ ಬಾಗಿಲಿಗೆ ಜೋತು ಆಫೀಸಿಗೆ ಹೋಗುತ್ತಿದ್ದಾರೆ ಎಂದರೆ ನನಗೇ ನಂಬಿಕೆ ಬರುತ್ತಿರಲಿಲ್ಲ. ಮಾವ ಅದಕ್ಕೆ "ನಮ್ಮ ಮರುಭೂಮಿ" ಎಂದು ಹೆಸರಿಟ್ಟರು. ಗ್ಯಾಲರಿಯ ಮನುಷ್ಯ ಅಲ್ಲಿ ಕಾಣಲೇ ಇಲ್ಲ. ಕಲ್ಲಿಂದ ಕಲ್ಲಿಗೆ ಹಾರುತ್ತಾ, ಬೆತ್ತದಲ್ಲಿ ಗೋಡೆ ತಟ್ಟುತ್ತಾ, ಶಿಳ್ಳೆ ಹಾಕುತ್ತಾ ಮುಂದೆ ಹೋದರು.

ಬಂಡೆಯ ಮೇಲೆ ಅಲ್ಲಲ್ಲಿ ದುಂಡನೆಯ ಗುಂಡಿಗಳಿದ್ದವು, ನಮ್ಮ ಒರಳುಕಲ್ಲಿನ ಗುಂಡಿಗಳ ಹಾಗೆಯೇ. ಕೆಲವುಗಳಲ್ಲಿ ರುಬ್ಬುಗುಂಡಿನಂತೆ ಒಂದೊಂದು ದುಂಡುಕಲ್ಲೂ ಇತ್ತು. ಯಾರು ಕೆತ್ತಿದ್ದು ಎಂದು ಕೇಳಿದೆ.

"ನೀರು ರುಬ್ಬಿದ್ದು" ಎಂದರು ಮಾವ. "ಮಳೆಗಾಲದಲ್ಲಿ ನೀರು ಈ ಕಲ್ಲನ್ನ ಇಲ್ಲೇ ಸುತ್ತಿಸುತ್ತೆ. ಸುತ್ತಿ ಸುತ್ತಿ ಗುಂಡಿ. ಎಷ್ಟು ಸಾವಿರ ವರ್ಷವೋ. ಇದಕ್ಕಿಂತ ಪ್ರದಕ್ಷಿಣೆ ಬೇಕಾ ನಿನಗೆ?"

ಹೀಗೆ ನಮ್ಮ ಶನಿವಾರಗಳು ಶುರುವಾದವು. ಪ್ರತಿ ವಾರ ಸ್ವಲ್ಪ ಮುಂದೆ ಹೋಗುವುದು, ಕಾದ ಬಂಡೆಯ ಮೇಲೆ ಬಾಟಲಿಯ ಒಂದು ಗುಟುಕು ನೀರು ಚೆಲ್ಲಿ ಏಳುವ ವಾಸನೆ ಹೀರುವುದು, ಹತ್ತು ಗಂಟೆಗೆ ಹಿಂತಿರುಗುವುದು. ಶೂಸು ಗೇಟಿನ ಹೂವಿನ ಮುದುಕಿಯ ಬುಟ್ಟಿಯ ಅಡಿಯಲ್ಲಿ ವಾರವಿಡೀ ಇರುತ್ತಿತ್ತು. ಅವಳನ್ನು ನಾವು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅವಳಿಗೆ ನಮ್ಮ ಗುಟ್ಟು ಪೂರ್ತಿ ಗೊತ್ತು. ನಮ್ಮನ್ನು ಕಂಡೊಡನೆ, "ಕಾಯ್ ಕಾಕಾ, ಆಜ್ ಪಣ್ ಡೋಂಗರ್?" ಎಂದು, ಇವತ್ತೂ ಗುಡ್ಡವೇ ಎಂದು ಕಣ್ಣು ಮಿಟುಕಿಸುತ್ತಿದ್ದಳು. ಬರುವಾಗ ಅವಳೇ ನಮ್ಮ ಕಾಯಿ ಒಡೆದು, ಹಣೆಗೆ ಕುಂಕುಮ ಹಚ್ಚಿ, ಪ್ರಸಾದದ ಶಾಸ್ತ್ರ ಮುಗಿಸಿ ಕಳಿಸುತ್ತಿದ್ದಳು. ಒಂದು ಸಲ ಕೋತಿಯೊಂದು ಕಾಯಿಯನ್ನು ಚೀಲದಿಂದಲೇ ಎತ್ತಿಕೊಂಡು ಹೋದಾಗ ಮಾವ ಕೈ ಮುಗಿದು, "ನೋಡು, ಮಾರುತಿ ಖುದ್ದಾಗಿ ಬಂದು ತಗೊಂಡ" ಎಂದರು. ಮನೆಯಲ್ಲಿ ಅದನ್ನು ಹಾಗೆಯೇ ಹೇಳಿದರು. ಅತ್ತೆಗೆ ಕಣ್ಣಲ್ಲಿ ನೀರು ಬಂತು.

ಮಾವ ಓವರ್‌ಸಿಯರ್ ತಾನೇ, ನಕ್ಷೆ ಬರೆಯದೆ ಇರಲಾರರು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಭಾಗದಲ್ಲಿ ಕಣಿವೆಯ ಒಂದೊಂದು ತಿರುವನ್ನೂ ಪೆನ್ಸಿಲಿನಲ್ಲಿ ಗುರುತಿಸಿ, ಹೆಸರಿಡುವ ಕೆಲಸ ನನಗೆ ವಹಿಸಿದರು. ಸಾಲಾಗಿದ್ದ ಗುಂಡಿಗಳಿಗೆ ನಾನು "ಮದುವೆಮನೆ ಒರಳು" ಎಂದೆ. ಕಿರಿದಾದ ಜಾಗಕ್ಕೆ "ವಿರಾರ್ ಲೋಕಲ್"; ಅಷ್ಟು ಇಕ್ಕಟ್ಟಿನ ರೈಲು ಮುಂಬಯಿಯಲ್ಲಿ ಇನ್ನೊಂದಿರಲಿಲ್ಲ. ಅದರ ಆಚೆ ಗೋಡೆಯಿಂದ ಹೊರಕ್ಕೆ ಚಾಚಿದ, ತುದಿ ಸ್ವಲ್ಪ ಮೇಲಕ್ಕೆ ತಿರುಗಿದ, ಯಾವಾಗಲೂ ಏನನ್ನೋ ಮೂಸಿ ಅನುಮಾನ ಪಡುತ್ತಿರುವಂತಿದ್ದ ಬಂಡೆಯೊಂದಿತ್ತು. ನಾನು ಏನೂ ಹೇಳದೆ ಅದನ್ನೇ ನೋಡಿದೆ. ಮಾವ ನನ್ನನ್ನು ನೋಡಿದರು.

"ಹೇಳು, ಪರವಾಗಿಲ್ಲ" ಎಂದರು.

"ಅತ್ತೆಯ ಮೂಗು" ಎಂದೆ.

ಮಾವ ಕಲ್ಲಿನ ಮೇಲೆ ಕೂತು, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ನಕ್ಕು, ದುಂಡಗಿನ ಅಕ್ಷರದಲ್ಲಿ ನಕ್ಷೆಯ ಮೇಲೆ ಬರೆದೂ ಬರೆದರು.

ನಗುವಿನ ಮಾತು ಬಿಡಿ. ಆ ವಾರಗಳಲ್ಲಿ ನನಗೆ ಆದದ್ದನ್ನು ಹೇಳುವುದು ಕಷ್ಟ. ಮೂರು ವರ್ಷದಿಂದ ನನ್ನ ಮೈ ಎಂದರೆ ಎಲ್ಲರೂ ಏನಾದರೂ ಸುದ್ದಿ ಬಂದಿದೆಯೇ ಎಂದು ಇಣುಕಿ ನೋಡುವ ಟಪಾಲು ಡಬ್ಬಿಯಾಗಿತ್ತು. ಕಣಿವೆಯಲ್ಲಿ ಅದಕ್ಕೆ ಬೇರೆ ಕೆಲಸ ಸಿಕ್ಕಿತು. ಸೆರಗು ಸಿಕ್ಕಿಸಿ, ನೆರಿಗೆ ಎತ್ತಿ ಕಟ್ಟಿ, ಬಂಡೆಯ ಸಂದಿಯಲ್ಲಿ ಬೆರಳು ಊರಿ ಮೇಲೇರಿದಾಗ ತೋಳು ನೋಯುತ್ತಿತ್ತು. ಆ ನೋವು ನನ್ನದೇ ಎನಿಸಿ ಸಂತೋಷವಾಗುತ್ತಿತ್ತು. ಆದರೆ ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ಮಣೆಯ ಮೇಲೆ ಕೂರಿಸಿ, ಕಾಲಿಗೆ ಕೊಬ್ಬರಿಎಣ್ಣೆ ತಿಕ್ಕುತ್ತಾ, "ಪಾಪ, ಎಷ್ಟು ಶ್ರದ್ಧೆಯಿಂದ ಸುತ್ತುತ್ತೀಯೇ, ಕಾಲೆಲ್ಲಾ ತರಚಿದೆ" ಎನ್ನುವರು. ಆಗ ನನಗೆ ಆ ಕಾಲನ್ನು ಎಲ್ಲಿ ಬಚ್ಚಿಡಲಿ ಎನಿಸುತ್ತಿತ್ತು. ಮಾವ ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದರು.

ಎಂಟನೆಯ ಶನಿವಾರ ನಮ್ಮ ಅದೃಷ್ಟ ಮುಗಿಯಿತು. ಅತ್ತೆಯ ಮೂಗಿನಿಂದ ಮುಂದೆ ಆಳೆತ್ತರದ ಒಂದು ಮೆಟ್ಟಿಲಿನಂಥ ಬಂಡೆಯಿತ್ತು. ಆಚೆ ಇಳಿದರೆ ಒಂದು ಬಟ್ಟಲಿನಂಥ ಜಾಗ. ಮಾವ ಮೊದಲು ಇಳಿದು ನನಗೆ ಕೈ ಕೊಟ್ಟರು. ನಾನು ಇಳಿದೆ. ಅವರು ತಿರುಗುವಾಗ ಕಾಲ ಕೆಳಗಿನ ಕಲ್ಲು ಉರುಳಿ, ಪಾದ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಬಿಡಿಸಿಕೊಂಡರು. ಆದರೆ ನೆಲಕ್ಕೆ ಊರಲಾಗಲಿಲ್ಲ. ನೋಡುನೋಡುತ್ತಲೇ ಕಣಕಾಲು ಬದನೆಕಾಯಿಯಂತೆ ಊದಿತು. ನಾನು ಸೆರಗಿನ ಅಂಚು ಹರಿದು ಬಿಗಿದು ಕಟ್ಟಿದೆ. ಹತ್ತೂವರೆಯ ಬಿಸಿಲು ನೇರ ಆ ಬಟ್ಟಲಿಗೇ ಸುರಿಯುತ್ತಿತ್ತು. ಬಾಟಲಿಯಲ್ಲಿ ನಾಲ್ಕು ಗುಟುಕು ನೀರು.

ಅವರ ತುಟಿ ಬಿಳಚಿಕೊಂಡದ್ದನ್ನು ಕಂಡು ನನಗೆ ಜೀವ ಹಾರಿತು. ಈ ಮನುಷ್ಯನಿಗೆ ಅರವತ್ತೆಂಟು ವರ್ಷ. ಇಲ್ಲಿ ಏನಾದರೂ ಆದರೆ ಮನೆಯಲ್ಲಿ ಏನೆಂದು ಹೇಳಲಿ? ಅಶ್ವತ್ಥ ಮರ ಸುತ್ತುವಾಗ ಕಣಿವೆಗೆ ಬಿದ್ದರು ಎಂದೇ?

"ಮಾವ, ನಾನು ಹೋಗಿ ಯಾರನ್ನಾದರೂ ಕರ್ಕೊಂಡು ಬರ್ತೀನಿ."

"ಈ ಬಂಡೆ ಹತ್ತಬೇಕಲ್ಲಮ್ಮ. ಯಾವಾಗಲೂ ನಾನು ಕೈ ಕೊಡ್ತಿದ್ದೆ."

"ಹತ್ತುತ್ತೀನಿ."

ಅವರು ನನ್ನನ್ನೇ ನೋಡಿದರು. "ಮೊದಲು ಕೈ ಹಿಡಿಯೋ ಜಾಗ ಹುಡುಕು. ಆಮೇಲೆ ಕಾಲು. ಕೆಳಗೆ ನನ್ನ ಕಡೆ ನೋಡಬೇಡ" ಎಂದರು.

ಎರಡು ಸಲ ಜಾರಿದೆ. ಮೂರನೆಯ ಸಲ ಎಡಮೊಣಕೈ ಮೇಲೆ ಸಿಕ್ಕಿತು. ಮೈಯನ್ನು ಎಳೆದುಕೊಂಡು ಮೇಲೆ ಬಿದ್ದೆ. ರವಿಕೆ ತೋಳು ಹರಿದಿತ್ತು. ತಿರುಗಿ ನೋಡದೆ ಓಡಿದೆ. ಹೊಳೆಯ ಪಾತ್ರ ಅಗಲವಾಗುವ ಕಡೆ, ಕಾಡಿನೊಳಗಿನ ಪಾಡಾದ, ಅಂದರೆ ಆದಿವಾಸಿ ಹಟ್ಟಿಯ, ಇಬ್ಬರು ಹೆಂಗಸರು ಸೌದೆಹೊರೆ ಇಳಿಸಿ ಕೂತಿದ್ದರು. ನನ್ನ ಹಿಂದಿ ಆಗ ಸಂತೆಯ ಹಿಂದಿ. ಅದೂ ಆ ಗಾಬರಿಯಲ್ಲಿ, "ಮೇರಾ ಸಸುರ್ ಪತ್ಥರ್ ಮೇ ಹೈ" ಎಂದೆ. ನನ್ನ ಮಾವ ಕಲ್ಲಿನೊಳಗಿದ್ದಾರೆ. ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಆದರೆ ನಗುತ್ತಲೇ ಎದ್ದು, ಹೊರೆಯ ಹಗ್ಗ ಬಿಚ್ಚಿಕೊಂಡು ನನ್ನ ಹಿಂದೆ ಬಂದರು. ಆ ಹಗ್ಗವನ್ನು ಮಾವನ ಕಂಕುಳಿಗೆ ಸುತ್ತಿ, ಕೆಳಗಿನಿಂದ ಒಬ್ಬಳು ನೂಕಿ, ಮೇಲಿನಿಂದ ನಾವಿಬ್ಬರು ಎಳೆದು, ಅಂತೂ ಎತ್ತಿದೆವು. ನಾಲೆಗೆ ಎಷ್ಟೋ ಗೇಟುಗಳನ್ನು ಹೀಗೆ ಇಳಿಸಿದ ಮಹಾನುಭಾವರು ಹಗ್ಗದಲ್ಲಿ ತೂಗಾಡುತ್ತಲೇ "ಎಡಕ್ಕೆ, ಸ್ವಲ್ಪ ಎಡಕ್ಕೆ" ಎಂದು ಅಪ್ಪಣೆ ಕೊಡುತ್ತಿದ್ದರು. ಆ ಹೆಂಗಸರು ಇಬ್ಬರೂ ಹೆಗಲು ಕೊಟ್ಟು ಗೇಟಿನ ತನಕ ಬಿಟ್ಟುಹೋದರು. ಅವರ ಹೆಸರು ಕೇಳಲೂ ನನಗೆ ಹೊಳೆಯಲಿಲ್ಲ.

ರಿಕ್ಷಾದಲ್ಲಿ ಕೂತು ಸುಳ್ಳು ಹೊಂದಿಸಿದೆವು. ಮಂದಿರದ ಮೆಟ್ಟಿಲ ಮೇಲೆ ಎಣ್ಣೆ ಚೆಲ್ಲಿತ್ತು, ಮಾವ ಜಾರಿದರು, ಹಿಡಿಯಲು ಹೋಗಿ ನನ್ನ ರವಿಕೆಯ ತೋಳು ಹರಿಯಿತು. ಅಂದವಾದ ಸುಳ್ಳು. ಅತ್ತೆ ನಂಬಿದರು. ಅದೇ ಎಡವಟ್ಟಾಯಿತು. ಸೋಮವಾರ ಬೆಳಗ್ಗೆ, ಮೆಟ್ಟಿಲಿಗೆ ಎಣ್ಣೆ ಚೆಲ್ಲಿಟ್ಟವರನ್ನು ವಿಚಾರಿಸಿಕೊಳ್ಳುತ್ತೇನೆಂದು ಮಂಡಿನೋವನ್ನೂ ಲೆಕ್ಕಿಸದೆ ಒಬ್ಬರೇ ಮಂದಿರಕ್ಕೆ ಹೊರಟುಬಿಟ್ಟರು.

ಒಂದು ಗಂಟೆಯ ಮೇಲೆ ಬಂದರು. ಬಟ್ಟೆ ನೆನೆಹಾಕಲು ಕೂತು ಮಾವನ ಅಂಗಿಗಳ ಜೇಬು ಒಂದೊಂದಾಗಿ ತಡಕಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಾಲ್ಕಾಗಿ ಮಡಿಸಿದ ಕ್ಯಾಲೆಂಡರ್ ಹಾಳೆ ಹೊರಬಂತು. ಬಿಡಿಸಿ ಓದಿದರು. ಮಧ್ಯಾಹ್ನ ಮಾವನಿಗೂ ನನಗೂ ಊಟ ಬಡಿಸಿ, ಹಾಳೆಯನ್ನು ಎರಡು ತಟ್ಟೆಗಳ ನಡುವೆ ಇಟ್ಟರು.

"ಪೂಜಾರಿ ಹೇಳಿದ, ಆ ಸೊಸೆಯನ್ನ ನೋಡಿದ್ದು ಒಂದೇ ದಿನ ಅಂತ" ಎಂದರು. ಆಮೇಲೆ ಬೆರಳಿಟ್ಟು, "ಇದು ಎಲ್ಲಿದೆ?"

ಬೆರಳು ಯಾವುದರ ಮೇಲಿತ್ತು ಎಂದು ಹೇಳಬೇಕಾಗಿಲ್ಲ.

ಮಾವ ಹುಳಿ ಕಲಸುವುದನ್ನು ನಿಲ್ಲಿಸಿ, "ತಪ್ಪು ನಂದು ಕಣೇ. ಮಗೂನ ಬೈಬೇಡ" ಎಂದರು.

"ಯಾರನ್ನ ಬೈಬೇಕು ಅಂತ ನೋಡಿದ ಮೇಲೆ ಹೇಳ್ತೀನಿ. ಶನಿವಾರ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಬೇಕು ಇವಳು. ನೀವು ಕಾಲು ಮೇಲಿಟ್ಕೊಂಡು ಮನೇಲಿರಿ."

ಶನಿವಾರ ಅತ್ತೆ ಸೀರೆಯನ್ನು ಕಚ್ಚೆಗೆ ಬಿಗಿದು, ಮಾವನ ಬೆತ್ತ ಹಿಡಿದು, ಒಂದು ಡಬ್ಬಿ ಮೊಸರವಲಕ್ಕಿ ಕೈಯಲ್ಲಿಟ್ಟುಕೊಂಡು ಹೊರಟರು. ಮಾವಶಿ ಅವರನ್ನು ಕಂಡು, ಒಂದು ಮಾತೂ ಆಡದೆ, ಕಣ್ಣೂ ಮಿಟುಕಿಸದೆ ಶೂಸು ತೆಗೆದುಕೊಟ್ಟಳು. ಕಲ್ಲಿನ ದಾರಿಯಲ್ಲಿ ಐವತ್ತು ಹೆಜ್ಜೆಗೊಮ್ಮೆ ಕೂತು, ಎದ್ದು, "ಉಸ್" ಎಂದು, ನನ್ನ ಕೈ ಹಿಡಿದು, ಅತ್ತೆ ನಡೆದೇ ನಡೆದರು. ವಿರಾರ್ ಲೋಕಲ್ಲಿನಲ್ಲಿ ಅಡ್ಡವಾಗಿ ತೂರಬೇಕಾಯಿತು. ಕೊನೆಗೆ ಬಂಡೆಯ ಮುಂದೆ ನಿಂತು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದರು. ಬಹಳ ಹೊತ್ತು ನೋಡಿದರು.

"ನನ್ನ ಮೂಗು ಇಷ್ಟು ಮೊಂಡಾನಾ?" ಎಂದರು.

"ಇಲ್ಲ ಅತ್ತೆ. ಬೆಳಕಿಗೆ ಹಾಗೆ ಕಾಣುತ್ತೆ."

ಅವರು ಬಂಡೆಯ ನೆರಳಲ್ಲಿ ಕೂತು ಡಬ್ಬಿ ತೆಗೆದರು. ವ್ರತದ ದಿನ, ಖಾಲಿ ಹೊಟ್ಟೆಯಲ್ಲಿರಬೇಕಾದ ನನ್ನ ಕೈಗೆ ಮೊಸರವಲಕ್ಕಿ ಹಾಕಿದರು. ತಾವೂ ತಿಂದರು. ಕಾಲು ಚಾಚಿ, ಅಂಗಾಲನ್ನು ತಿರುಗಿಸಿ ನೋಡಿಕೊಳ್ಳುತ್ತಾ ಹೇಳಿದರು: "ನನ್ನ ಮಗ ಹುಟ್ಟೋಕೆ ಮುಂಚೆ ಏಳು ವರ್ಷ ಕಾದೆ. ನಮ್ಮತ್ತೆ ನಲವತ್ತೆಂಟು ದಿನ ಸುತ್ತಿಸಿದರು. ಒದ್ದೆ ಸೀರೆ, ಮಾಗಿ ಚಳಿ. ಕಾಲು ಒಡೆದು ರಕ್ತ ಬರ್ತಿತ್ತು. ನಿಮ್ಮ ಮಾವ ನಾಲೆ ಕೆಲಸದ ಮೇಲೆ ಟೆಂಟಿನಲ್ಲಿದ್ದರು. ಬಂದಾಗ ಹೇಳಲೇ ಇಲ್ಲ ನಾನು. ಹೇಳಿದ್ದರೆ ನನ್ನನ್ನೂ ಎಲ್ಲಿಗಾದರೂ ಕರ್ಕೊಂಡು ಹೋಗ್ತಿದ್ದರೋ ಏನೋ."

ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು. "ಮತ್ತೆ ನನಗೆ ಯಾಕೆ ಹೇಳಿದಿರಿ ಅತ್ತೆ, ಅದನ್ನೇ ಮಾಡು ಅಂತ?" ಎಂದು ಕೇಳಿದೆ.

ಅತ್ತೆ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಾ ಕೂತರು. "ಬೇರೆ ಏನು ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ ಕಣೇ" ಎಂದರು.

ಹಿಂತಿರುಗುವಾಗ ಮಂದಿರದ ಹತ್ತಿರ ನಿಂತು, ನನ್ನನ್ನು ಹೊರಗೇ ಇರು ಎಂದು ಹೇಳಿ, ತಾವೊಬ್ಬರೇ ಕುಂಟುತ್ತಾ ಮರಕ್ಕೆ ಒಂದು ಸುತ್ತು ಬಂದರು. ಕೈ ಮುಗಿದು ಏನೋ ಹೇಳಿದರು. ಏನೆಂದು ಕೇಳಿದ್ದಕ್ಕೆ, "ಇಷ್ಟು ಸಾಕು ಅಂದೆ" ಎಂದರು. ಅದೇ ದಿನ ನಂಜನಗೂಡಿಗೆ ಕಾಗದ ಹೋಯಿತು: ವ್ರತ ಸಾಂಗವಾಗಿ ಮುಗಿಯಿತು, ಇನ್ನು ಈ ವಿಷಯ ಯಾರೂ ಎತ್ತಬಾರದು. ಮನೆಯ ಬಾಗಿಲಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿ, "ಅವನಿಗೆ ಹೇಳಬೇಡ. ಹೆದರ್ತಾನೆ. ಮನೆಗೆ ಮೂರನೇ ಚಿಲಕ ಹಾಕಿಸ್ತಾನೆ" ಎಂದರು.

ಮಗುವಾಗಲಿಲ್ಲ. ಕಾದು ಕೂತವರಿಗೆ ನಿರಾಸೆ ಮಾಡುತ್ತಿದ್ದೇನೆ, ಆದರೆ ಆಗಲಿಲ್ಲ, ಅಷ್ಟೇ. ಆ ಮನೆಯಲ್ಲಿ ಆಮೇಲೆ ಯಾರೂ ಕೇಳಲಿಲ್ಲ. ಹೊರಗಿನವರು ಕೇಳಿದರೆ ಅತ್ತೆ ಮೊದಲು ನನ್ನನ್ನು ಯಾವುದಾದರೂ ನೆಪಕ್ಕೆ ಒಳಗೆ ಕಳಿಸಿ, ಆಮೇಲೆ ಬಂದವರಿಗೆ ತಕ್ಕ ಉತ್ತರ ಕೊಡುತ್ತಿದ್ದರು. ಮಾವ ಕಾಲು ವಾಸಿಯಾದ ಮೇಲೆ ಇನ್ನೂ ನಾಲ್ಕೈದು ಬೇಸಿಗೆ ನನ್ನೊಡನೆ ಕಣಿವೆಗೆ ಬಂದರು, ಆಮೇಲೆ ಗ್ಯಾಲರಿಯಿಂದಲೇ ನೋಡುತ್ತಿದ್ದರು, ತೊಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಹೋಗಿಬಿಟ್ಟರು. ಅತ್ತೆ ಇನ್ನೂ ಹತ್ತು ವರ್ಷ ಇದ್ದರು.

ಇಷ್ಟನ್ನೂ ಮೊನ್ನೆ ಇವರಿಗೆ ಹೇಳಿ ಮುಗಿಸಿದಾಗ, ಬೈಯುತ್ತಾರೆ ಎಂದು ಕಾದೆ. ಎಪ್ಪತ್ತು ದಾಟಿದ ಮನುಷ್ಯ ಖಾಲಿ ಬಕೆಟ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆಮೇಲೆ ಹೇಳಿದರು, "ಅಪ್ಪ ನನ್ನನ್ನ ಒಂದು ಸಲವೂ ಎಲ್ಲಿಗೂ ಕರ್ಕೊಂಡು ಹೋಗಲಿಲ್ಲ. ಚಿಕ್ಕವನಿದ್ದಾಗ ಯಾವಾಗಲೂ ಕ್ಯಾಂಪು."

ಆ ಮಾತು ನನಗೆ ಹೊಳೆದಿರಲಿಲ್ಲ. ನಲವತ್ತು ವರ್ಷ ನಾನು ಇಟ್ಟುಕೊಂಡದ್ದು ಒಂದು ತುಂಟತನದ ಗುಟ್ಟು ಎಂದುಕೊಂಡಿದ್ದೆ. ಅದರೊಳಗೆ ಇವರ ಪಾಲೂ ಇತ್ತು ಎಂದು ತಿಳಿದಿರಲಿಲ್ಲ.

ನಿನ್ನೆ ಬೆಳಗ್ಗೆ ಇಬ್ಬರೂ ಪಾರ್ಕಿಗೆ ಹೋದೆವು. ಈಗ ಎಲ್ಲೆಲ್ಲೂ ಬೇಲಿ, ಬಣ್ಣದ ಬೋರ್ಡು. ಹೊಳೆಯ ಪಾತ್ರಕ್ಕೆ ಇಳಿಯುವ ಕಡೆ ಎರಡು ಕಂಬಕ್ಕೆ ಒಂದು ಸರಪಳಿ ಕಟ್ಟಿ, ಒಳಗೆ ಹೋಗಬಾರದು ಎಂದು ಮೂರು ಭಾಷೆಯಲ್ಲಿ ಬರೆದಿದ್ದರು. ಸ್ವಲ್ಪ ದೂರದಲ್ಲಿ ಒಬ್ಬ ಗಾರ್ಡು ಮೊಬೈಲು ನೋಡುತ್ತಾ ಕೂತಿದ್ದ. ಇಲ್ಲಿಗೇ ಮುಗಿಯಿತು ಎಂದು ನಾನು, "ಅಲ್ಲಿ ಆ ತಿರುವು ಕಾಣುತ್ತಲ್ಲ, ಅದರ ಹಿಂದೆ" ಎಂದು ದೂರದಿಂದಲೇ ಕೈ ತೋರಿಸುತ್ತಿದ್ದೆ. ತಿರುಗಿ ನೋಡಿದರೆ ಇವರು ಪಕ್ಕದಲ್ಲಿಲ್ಲ. ಸರಪಳಿಯ ಆಚೆಗೆ ಆಗಲೇ ದಾಟಿ ನಿಂತು, ಒಂದು ಕೈಯಲ್ಲಿ ಅದನ್ನು ನನಗೆ ನುಸುಳಲು ಅನುಕೂಲವಾಗುವಷ್ಟು ಮೇಲೆತ್ತಿ ಹಿಡಿದು, ಗಾರ್ಡಿನ ಕಡೆಗೆ ಒಂದು ಕಣ್ಣಿಟ್ಟಿದ್ದರು.

"ಬೇಗ ಬಾ" ಎಂದರು, ಪಿಸುಮಾತಿನಲ್ಲಿ.

ಈ ಮನುಷ್ಯ ಜೀವಮಾನದಲ್ಲಿ ನನಗೆ ಬೇಗ ಬಾ ಎಂದಿದ್ದರೆ ಅದು ಲೋಕಲ್ ತಪ್ಪುತ್ತದೆ ಎಂದೋ, ಮಳೆ ಬರುತ್ತದೆ ಎಂದೋ ಇರಬೇಕು. ನಾನು ಸೆರಗು ಸಿಕ್ಕಿಸಿ ಬಗ್ಗಿದೆ.